ಓಟಕ್ಕೆ ಮುಂಚೆ ಕಾಫಿ: ಎಷ್ಟು, ಯಾವಾಗ, ಹೇಗೆ?

ಪ್ರಶ್ನೆ: ಮುಂದಿನ ತಿಂಗಳು ಕಬ್ಬನ್ ಪಾರ್ಕ್ ಕಡೆ 10 ಕಿ.ಮೀ. ಓಟ ಇದೆ, ಬೆಳಗ್ಗೆ 5.30ಕ್ಕೆ ಶುರು. ತೂಕ 60 ಕೆ.ಜಿ. ದಿನಕ್ಕೆ ಎರಡು ಲೋಟ ಫಿಲ್ಟರ್ ಕಾಫಿ ಅಭ್ಯಾಸ. ಓಟಕ್ಕೆ ಮುಂಚೆ ಕುಡಿದರೆ ನಿಜವಾಗ್ಲೂ ಉಪಯೋಗ ಇದೆಯಾ? ಎಷ್ಟು ಕುಡಿಯಬೇಕು? ಡೋಪಿಂಗ್ ತೊಂದರೆ ಏನಾದ್ರೂ ಇದೆಯಾ? ಗೊತ್ತಿರೋರು ತಿಳಿಸಿ.

ಓಟದ ಕೋಚ್, ಜಯನಗರ: ಉಪಯೋಗ ಇದೆ ಸರ್. ಆದರೆ ಲೋಟದ ಲೆಕ್ಕ ಬಿಟ್ಟು ಮಿಲಿಗ್ರಾಂ ಲೆಕ್ಕ ಹಿಡೀರಿ. ತೂಕದ ಪ್ರತಿ ಕೆ.ಜಿ.ಗೆ 3ರಿಂದ 6 ಮಿ.ಗ್ರಾಂ. ಕೆಫೀನ್ ಅನ್ನೋದು ಚೆನ್ನಾಗಿ ಪರೀಕ್ಷೆಯಾಗಿರೋ ಪ್ರಮಾಣ. ನಿಮಗೆ 3ರ ಲೆಕ್ಕದಲ್ಲಿ 180 ಮಿ.ಗ್ರಾಂ. ಆಗುತ್ತೆ, ಅದಕ್ಕಿಂತ ಸ್ವಲ್ಪ ಕಮ್ಮಿಯಿಂದ ಶುರು ಮಾಡಿ. ಕೆ.ಜಿ.ಗೆ 9 ಮಿ.ಗ್ರಾಂ. ಮುಟ್ಟಿದರೆ ಲಾಭ ಹೆಚ್ಚಲ್ಲ. ಕೈ ನಡುಕ, ಎದೆಬಡಿತ, ಹೊಟ್ಟೆ ತೊಳೆಸೋದು ಮಾತ್ರ ಹೆಚ್ಚುತ್ತೆ.

ಕೆಫೀನ್ ಕಾಲಿಗೆ ಹೊಸ ಶಕ್ತಿ ತುಂಬಲ್ಲ. ಮಿದುಳಿಗೆ ‘ದಣಿವಾಯ್ತು’ ಅಂತ ಹೇಳೋ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ಇದು ಹೋಗಿ ಕೂತ್ಕೊಳ್ಳುತ್ತೆ. ಹಾಗಾಗಿ ಅದೇ ವೇಗ ಸ್ವಲ್ಪ ಹಗುರ ಅನ್ನಿಸುತ್ತೆ. ಸರಾಸರಿ ಶೇ. 2ರಿಂದ 4ರಷ್ಟು ಸುಧಾರಣೆ, ಅಂದ್ರೆ ಒಂದು ಗಂಟೆಯ ಓಟದಲ್ಲಿ ಒಂದೆರಡು ನಿಮಿಷ. ಕೆಲವರಿಗೆ ಅಷ್ಟೂ ಸಿಗಲ್ಲ.

ಕಾಫಿ ಪುಡಿ ವ್ಯಾಪಾರ, ಗಾಂಧಿಬಜಾರ್: ಮೊದಲು ನಿಮ್ಮ ಪುಡಿ ಯಾವುದು ನೋಡ್ಕೊಳ್ಳಿ. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. 80:20 ಪುಡಿ 20 ಗ್ರಾಂ ತಗೊಂಡ್ರೆ ಅದರಲ್ಲಿ ಕಾಫಿ 16 ಗ್ರಾಂ, 60:40 ಆದ್ರೆ ಬರೀ 12. ಅರೇಬಿಕಾದಲ್ಲಿ ಕೆಫೀನ್ ಸುಮಾರು ಶೇ. 1.2, ರೋಬಸ್ಟಾದಲ್ಲಿ ಸುಮಾರು 2.2. ಅಂದ್ರೆ ಆ 16 ಗ್ರಾಂ ಪೂರ್ತಿ ಅರೇಬಿಕಾ ಆದ್ರೆ 190 ಮಿ.ಗ್ರಾಂ., ಪೂರ್ತಿ ರೋಬಸ್ಟಾ ಆದ್ರೆ 350! ‘ಸ್ಟ್ರಾಂಗ್ ಇದೆ’ ಅನ್ನೋ ರುಚಿ ನಂಬಬೇಡಿ. ಕಹಿ, ಕಪ್ಪು ಬಣ್ಣ ಎರಡನ್ನೂ ಚಿಕೋರಿಯೇ ಕೊಡುತ್ತೆ. ಪುಡಿ ಮಾಡಿಸುವಾಗ ಬೀಜ ಯಾವುದು, ಚಿಕೋರಿ ಎಷ್ಟು ಅಂತ ಕೇಳಿ ಬರೆದಿಟ್ಕೊಳ್ಳಿ.

ಡಿಕಾಕ್ಷನ್‌ಗೆ 20 ಗ್ರಾಂ ಅರೇಬಿಕಾ 80:20 ತೂಕ ಮಾಡಿಯೇ ಹಾಕಿ, ಚಮಚದ ಲೆಕ್ಕ ಬೇಡ. ಮೇಲಿನ ತಟ್ಟೆ ಮೆಲ್ಲಗೆ ಇಟ್ಟು ಒಂದೆರಡು ಚಮಚ ಬಿಸಿನೀರು ಹಾಕಿ ಅರ್ಧ ನಿಮಿಷ ಬಿಡಿ, ಪುಡಿ ಉಬ್ಬಲಿ. ಆಮೇಲೆ ಒಟ್ಟು 120 ಮಿ.ಲೀ. ಆಗೋ ಹಾಗೆ ನೀರು ಸುರೀರಿ. ಪುಡಿ ಸ್ವಲ್ಪ ನೀರು ಹೀರ್ಕೊಂಡು ಸುಮಾರು 80 ಮಿ.ಲೀ. ಇಳಿಯುತ್ತೆ. ಗಟ್ಟಿಯಾಗಿ ಒತ್ತಿದ್ರೆ ಇಳಿಯೋದೇ ಇಲ್ಲ. ಸಡಿಲ ಬಿಟ್ರೆ ಐದೇ ನಿಮಿಷಕ್ಕೆ ನೀರು ನೀರಾಗಿ ಇಳಿದು ಕೆಫೀನ್ ಗಷ್ಟಿನಲ್ಲೇ ಉಳಿಯುತ್ತೆ. ಸರಿಯಾಗಿ ಇಳಿದರೆ 150 ಮಿ.ಗ್ರಾಂ. ಆಸುಪಾಸು ಸಿಗುತ್ತೆ. ಎರಡನೇ ಡಿಕಾಕ್ಷನ್ ಲೆಕ್ಕಕ್ಕೆ ತಗೋಬೇಡಿ.

ರಾತ್ರಿಯೇ ಇಳಿಸಿಟ್ರೂ ಕೆಫೀನ್ ಹೋಗಲ್ಲ, ಘಮ ಮಾತ್ರ ಹೋಗುತ್ತೆ. ಬೆಳಗ್ಗೆ ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಬೆಚ್ಚಗೆ ಮಾಡ್ಕೊಳ್ಳಿ.

ಓಟದ ಕೋಚ್, ಜಯನಗರ: ಮೇಲಿನವರು ಹೇಳಿದ್ದು ಬಹಳ ಮುಖ್ಯ. ದರ್ಶಿನಿ ಕಾಫಿ ರುಚಿಯಾಗೇ ಇರುತ್ತೆ, ಆದರೆ ಪುಡಿ ಯಾವುದು, ಡಿಕಾಕ್ಷನ್ ಎಷ್ಟು ಹಾಕಿದ್ರು ಗೊತ್ತಾಗಲ್ಲ. ಓಟದ ದಿನ ಅದನ್ನ ನೆಚ್ಚಬೇಡಿ.

5.30ಕ್ಕೆ ಓಟ ಅಂದ್ರೆ 4.30ಕ್ಕೆ ಕುಡಿದು ಮುಗಿಸಿ, ಜೊತೆಗೆ ಒಂದು ಬಾಳೆಹಣ್ಣು. ಹಾಲು ತುಂಬಾ ಕಮ್ಮಿ ಹಾಕಿ, ಓಡುವಾಗ ಹೊಟ್ಟೆ ಕುಲುಕಿದರೆ ಹಾಲೇ ಮೊದಲು ತೊಂದರೆ ಕೊಡೋದು. ಕಾಫಿ ಕರುಳನ್ನೂ ಎಬ್ಬಿಸುತ್ತೆ, ಶೌಚಕ್ಕೆ ಮನೆಯಲ್ಲೇ ಸಮಯ ಇಟ್ಕೊಳ್ಳಿ. ಮೈದಾನದ ಕ್ಯೂನಲ್ಲಿ ನಿಂತು ವಾರ್ಮ್‌ಅಪ್ ತಪ್ಪಿಸ್ಕೊಳ್ಳೋರು ಬೇಕಾದಷ್ಟು ಜನ. ಮೈಯ ನೀರೆಲ್ಲ ಹೋಗುತ್ತೆ ಅನ್ನೋ ಭಯ ಈ ಪ್ರಮಾಣಕ್ಕೆ ಬೇಡ.

ಕ್ರೀಡಾ ಆಹಾರ ತಜ್ಞೆ, ಮಲ್ಲೇಶ್ವರ: ಡೋಪಿಂಗ್ ಬಗ್ಗೆ: 2004ರಲ್ಲಿ ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ಕೆಫೀನನ್ನ ನಿಷೇಧಿತ ಪಟ್ಟಿಯಿಂದ ತೆಗೆದಿದೆ, ಈಗ ನಿಗಾ ಮಾತ್ರ. ಅಪಾಯ ಇರೋದು ವ್ಯಾಯಾಮಕ್ಕೆ ಮುಂಚೆ ಕಲಸಿ ಕುಡಿಯೋ ಪ್ರಿ-ವರ್ಕೌಟ್ ಪುಡಿ ಡಬ್ಬಿಗಳಲ್ಲಿ. ಲೇಬಲ್ ಮೇಲೆ ಬರೀದ ಉತ್ತೇಜಕ ಬೆರೆತಿದ್ರೆ ಸ್ಪರ್ಧಿಯೇ ಹೊಣೆ. ಬಿಡಿ ಕೆಫೀನ್ ಪುಡಿಯನ್ನಂತೂ ಖಂಡಿತ ಮನೆಗೆ ತರಬೇಡಿ. ಒಂದು ಟೀ ಚಮಚದಲ್ಲಿ ಕೆಲವು ಗ್ರಾಂ ಇರುತ್ತೆ, ಜೀವಕ್ಕೇ ಕುತ್ತು.

ಎನರ್ಜಿ ಡ್ರಿಂಕ್‌ಗೆ ನಮ್ಮಲ್ಲಿ ಲೀಟರಿಗೆ 300 ಮಿ.ಗ್ರಾಂ. ಮಿತಿ. 250 ಮಿ.ಲೀ. ಕ್ಯಾನ್‌ನಲ್ಲಿ ಹೆಚ್ಚೆಂದರೆ 75, ಜೊತೆಗೆ ಬೇಕಾಬಿಟ್ಟಿ ಸಕ್ಕರೆ.

ಓಟಕ್ಕೆ ಮುಂಚೆ ವಾರ ಕಾಫಿ ಬಿಡಬೇಕಾ ಅಂತ ತುಂಬಾ ಜನ ಕೇಳ್ತಾರೆ. ಬೇಡ. ದಿನಾ ಕುಡಿಯೋರಿಗೂ ಲಾಭ ಸಿಗುತ್ತೆ. ಬಿಟ್ರೆ ತಲೆನೋವು, ಮಂಕು ಬರುತ್ತೆ. ಆದರೆ ಹಿಂದಿನ ದಿನ ಮಧ್ಯಾಹ್ನದ ಮೇಲೆ ಮುಟ್ಟಬೇಡಿ. ರಕ್ತದಲ್ಲಿ ಅರ್ಧಕ್ಕಿಳಿಯೋಕೇ ಸುಮಾರು 5 ಗಂಟೆ ಬೇಕು. ಕೆಟ್ಟ ನಿದ್ದೆಯನ್ನ ಬೆಳಗಿನ ಕಾಫಿ ಸರಿ ಮಾಡಲ್ಲ.

ಬಿ.ಪಿ., ಎದೆಬಡಿತದ ಏರುಪೇರು ಇರೋರು, ಗರ್ಭಿಣಿಯರು ಡಾಕ್ಟರನ್ನ ಕೇಳದೆ ಇದಕ್ಕೆ ಕೈ ಹಾಕಬೇಡಿ. ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ತಗೊಳ್ತಿದ್ರೆ ಕೆಫೀನ್ ಮೈಯಿಂದ ನಿಧಾನ ಹೊರಗೆ ಹೋಗುತ್ತೆ, ಆಗ ಬೇಡವೇ ಬೇಡ.

ಓಟದ ಕೋಚ್, ಜಯನಗರ: ಕೊನೆಯದಾಗಿ, ಮುಂದಿನ ಮೂರು ಭಾನುವಾರ ಇದೇ ಪುಡಿ, ಇದೇ ತೂಕ, ಇದೇ 4.30ಕ್ಕೆ ಕುಡಿದು 5.30ಕ್ಕೆ ಓಡಿ ನೋಡಿ. ಹೊಟ್ಟೆ ಕೆಟ್ಟರೆ ಪುಡಿ 15 ಗ್ರಾಂಗೆ ಇಳಿಸಿ.