ಪದಚರ್ಚೆ: ಇಡೀ ದೇಶಕ್ಕೆ ಒಂದೇ ಪೊಲೀಸ್ ಪಡೆ, ಹೆಸರೇನು? (ತುರ್ತು)

ನಮಸ್ಕಾರ. ಅನುವಾದಿತ ನಾಟಕಕ್ಕೆ ಒಂದು ಪದ ಬೇಕು. ಕಥೆ ನಡೆಯುವುದು ಕಲ್ಪಿತ ದೇಶದಲ್ಲಿ. ಅಲ್ಲಿ ರಾಜ್ಯಗಳಿಲ್ಲ, ದೇಶಕ್ಕೆಲ್ಲ ಒಂದೇ ಪೊಲೀಸ್ ಪಡೆ. ಫ್ರಾನ್ಸಿನ ಜಾಂಡಾರ್ಮರಿಯ ಹಾಗೆ ಸಿಬ್ಬಂದಿಯೆಲ್ಲ ಸೈನಿಕರು, ಮಾಡುವುದು ಪೊಲೀಸ್ ಕೆಲಸ. ಕರಡಿನಲ್ಲಿ 'ರಾಷ್ಟ್ರೀಯ ಆರಕ್ಷಕ ದಳ' ಎಂದಿದೆ. ತೋಳಿನ ಬ್ಯಾಡ್ಜಿಗೆ ಕಸೂತಿ ಹಾಕಿಸಬೇಕು, ಅಗಲ 7 ಸೆಂ.ಮೀ. ಠಾಣೆಯ ಬೋರ್ಡಿಗೂ ಇದೇ ಹೆಸರು. ನಾಳೆ ಸಂಜೆ ಕಸೂತಿಯವರಿಗೆ ಕೊಡಬೇಕು. ನಡೆಯುತ್ತದೆಯೇ?
– ಸು.

ನಡೆಯುವುದಿಲ್ಲ. 'ಆರಕ್ಷಕ ದಳ' ಎಂದರೆ ಹಿಂದಿನ ಸಾಲಿನ ಪ್ರೇಕ್ಷಕರಿಗೆ 'ಗೃಹರಕ್ಷಕ ದಳ' ಎಂದೇ ಕೇಳಿಸುತ್ತದೆ. ಬರೀ 'ದಳ' ಎಂದರಂತೂ ನಮ್ಮಲ್ಲಿ ಪಕ್ಷ. ಅದೂ ಅಲ್ಲದೆ 'ಆರಕ್ಷಕ' ಬೋರ್ಡಿನಲ್ಲಿ ಬದುಕಿರುವ ಪದ, 'ಆರಕ್ಷಕರು ಬಂದರು, ಓಡು' ಎಂದು ಯಾವ ಕಳ್ಳನೂ ಕೂಗುವುದಿಲ್ಲ. ಪೊಲೀಸ್ ಎಂದೇ ಇಡಿ. ಆದರೆ ಕನ್ನಡದಲ್ಲಿ 'ಪೊಲೀಸ್' ಆಳಿಗೂ ಹೆಸರು, ಸಂಸ್ಥೆಗೂ ಹೆಸರು. 'ರಾಷ್ಟ್ರೀಯ ಪೊಲೀಸ್' ಎಂದು ನಿಲ್ಲಿಸಿದರೆ ಯಾರೋ ಒಬ್ಬ ಪೇದೆಯ ಬಿರುದಿನಂತಿರುತ್ತದೆ. 'ಇಲಾಖೆ' ಸೇರಿಸಿದರೆ ಕಡತದ ವಾಸನೆ. 'ಪಡೆ' ಸರಿ.
– ವೆಂ.

ಪೊಲೀಸ್ ಯಾಕೆ? ನಮ್ಮ 'ತಳವಾರ' ಎಲ್ಲಿ ಹೋದ? ನಾಗಾರ್ಜುನಕೊಂಡದ ಇಕ್ಷ್ವಾಕು ಶಾಸನಗಳಲ್ಲೇ 'ಮಹಾತಳವರ' ಇದ್ದಾನೆ. ಊರು ಕಾಯುವವನು ತಳವಾರ. 'ನಾಡ ತಳವಾರಿಕೆ' ಅನ್ನಿ. ಅದು ಭಾರವೆನಿಸಿದರೆ 'ನಾಡಕಾವಲು'. ಎರಡೂ ಅಚ್ಚಗನ್ನಡ.
– ಚೆ.

ಚೆ. ಅವರೇ, ಆ ಶಾಸನಗಳ ಭಾಷೆ ಪ್ರಾಕೃತ. ಅಲ್ಲಿ ಸಿಕ್ಕ ಮಾತ್ರಕ್ಕೆ ಅಚ್ಚಗನ್ನಡವಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ ತಳವಾರ ಇವತ್ತು ಸಮುದಾಯದ ಹೆಸರು, ಮನೆತನದ ಹೆಸರು. ಲಾಠಿ ಬೀಸುವ ಪಾತ್ರಗಳ ತೋಳಿಗೆ ಅದನ್ನು ಹೊಲಿಸಬೇಡಿ.

'ನಾಡ'ವೂ ಕೈಕೊಡುತ್ತದೆ. ನಾಡಗೀತೆ ರಾಜ್ಯದ್ದು, ರಾಷ್ಟ್ರಗೀತೆ ದೇಶದ್ದು. ನಾಡಕಚೇರಿ ಇರುವುದು ಹೋಬಳಿಯಲ್ಲಿ. 'ನಾಡಕಾವಲು' ಎಂದರೆ ಪಹಣಿ ಕೊಡುವ ಕಚೇರಿಯ ಕಾವಲುಗಾರ ಅಂದುಕೊಂಡಾರು.
– ವೆಂ.

ಬೀಳಬಾರದ ಗುಂಡಿ ಇನ್ನೂ ಮೂರಿವೆ. 'ಸೇನಾ ಪೊಲೀಸ್' ಬೇಡ, ಅದು ಸೈನಿಕರ ಮೇಲೆಯೇ ಕಣ್ಣಿಡುವ ಬೇರೆ ಪಡೆ. 'ಅರೆಸೇನಾ ಪಡೆ'ಯೂ ಬೇಡ. ಆ ಮಾತಿಗೆ ನಮ್ಮ ಕಣ್ಣಮುಂದೆ ಬರುವುದು ಸಿಆರ್‌ಪಿಎಫ್. ಅದು ಬಂದೋಬಸ್ತಿಗೆ ಬರುತ್ತದೆ, ಎಫ್‌ಐಆರ್ ಹಾಕುವುದು ಸ್ಥಳೀಯ ಠಾಣೆ. ಜಾಂಡಾರ್ಮರಿ ಹಾಗಲ್ಲ, ದೂರು ಬರೆದುಕೊಂಡು ತನಿಖೆಯನ್ನೂ ತಾನೇ ಮಾಡುತ್ತದೆ. 'ಕೇಂದ್ರ' ಎಂದರೂ ತಪ್ಪು, ರಾಜ್ಯಗಳಿದ್ದರೆ ತಾನೆ ಕೇಂದ್ರ? ನಮ್ಮ ಸಂವಿಧಾನದಲ್ಲಿ ಪೊಲೀಸ್ ರಾಜ್ಯಪಟ್ಟಿಯ 2ನೇ ನಮೂದು. ಇಡೀ ದೇಶಕ್ಕೆ ಒಂದು ಪೊಲೀಸ್ ಎಂಬುದೇ ನಮ್ಮಲ್ಲಿಲ್ಲ, ಅದಕ್ಕೇ ಸಿದ್ಧಪದವೂ ಇಲ್ಲ.

ಜಾಂಡಾರ್ಮರಿ ಎಂಬ ಹೆಸರಿನ ಮೂಲ ಅರ್ಥ 'ಆಯುಧದ ಮಂದಿ', ಸಂಸ್ಥೆಗೆ ಆ ಹೆಸರು ಬಂದದ್ದು 1791ರಲ್ಲಿ. ಅರ್ಥ ಹಿಡಿದು ಅನುವಾದಿಸಲು ಹೋಗಬೇಡಿ. ಸ್ಪೇನಿನಲ್ಲಿ 1844ರಲ್ಲಿ ಹುಟ್ಟಿದ ಇಂಥದೇ ಪಡೆಯ ಹೆಸರಿಗೆ 'ನಾಗರಿಕ ಕಾವಲು' ಎಂದರ್ಥ, ಸಿಬ್ಬಂದಿಗೆ ಮಾತ್ರ ಸೈನಿಕ ಸ್ಥಾನಮಾನ! ಇಟಲಿಯವರದು ಬಂದೂಕಿನ ಹೆಸರು. ಸೈನಿಕತನ ತೋರಿಸಬೇಕಿದ್ದರೆ ಹುದ್ದೆಗಳಲ್ಲಿ ತೋರಿಸಿ: ಸಬ್‌ಇನ್‌ಸ್ಪೆಕ್ಟರ್ ಬಿಟ್ಟು ಲೆಫ್ಟಿನೆಂಟ್, ಕ್ಯಾಪ್ಟನ್. ಮೂಲದಲ್ಲಿ 'ಬ್ರಿಗೇಡ್' ಇದ್ದರೆ ಕನ್ನಡದಲ್ಲಿ 'ಠಾಣೆ' ಎಂದು ಬರೆಯಿರಿ. ಜಾಂಡಾರ್ಮರಿಯಲ್ಲಿ ಹಳ್ಳಿಯ ಐದಾರು ಮಂದಿಯ ಠಾಣೆಗೂ ಬ್ರಿಗೇಡ್ ಅನ್ನುತ್ತಾರೆ. ಹಾಗೇ ಉಳಿಸಿದರೆ ನಮ್ಮವರಿಗೆ ಸಾವಿರಾರು ಸೈನಿಕರು ಕಾಣಿಸುತ್ತಾರೆ.
– ಗೋ.

ಬ್ಯಾಡ್ಜಿನ ಮಾತು ಯಾರೂ ಎತ್ತಲಿಲ್ಲ. 'ರಾಷ್ಟ್ರೀಯ ಆರಕ್ಷಕ ದಳ'ದಲ್ಲಿ 9 ಅಕ್ಷರ, ಎರಡು ಬಿಡುವು. 7 ಸೆಂ.ಮೀ.ನಲ್ಲಿ ಅಂಚು ಕಳೆದರೆ ಅಕ್ಷರಕ್ಕೆ 6 ಮಿ.ಮೀ. ಕೂಡ ಸಿಗುವುದಿಲ್ಲ. 'ಷ್ಟ್ರೀ'ಯಲ್ಲಿ ಟ ಒತ್ತು, ರ ಒತ್ತು, ಪಕ್ಕದಲ್ಲಿ ದೀರ್ಘ. ಒತ್ತಿಗೆ ಉಳಿಯುವುದು 2-3 ಮಿ.ಮೀ., ಟ ಒತ್ತಿನ ಹೊಟ್ಟೆ ನೂಲಿನಲ್ಲಿ ಮುಚ್ಚಿಹೋಗಿ ಗಂಟಿನಂತೆ ಕಾಣುತ್ತದೆ. 'ಪೊಲೀಸ್ ಪಡೆ'ಯಲ್ಲಿ ಒತ್ತೇ ಇಲ್ಲ. ಆದರೆ ಎರಡು ಪದಗಳ ನಡುವೆ ಜಾಗ ಬಿಟ್ಟು ಟೈಪ್ ಮಾಡಿ. ಸೇರಿಸಿ ಹೊಡೆದರೆ ಸಕಾರಕ್ಕೆ ಪ ಒತ್ತು ಬಿದ್ದು 'ಪೊಲೀಸ್ಪಡೆ' ಆಗುತ್ತದೆ, ಕಸೂತಿಯವರು ಅದನ್ನೇ ನಿಷ್ಠೆಯಿಂದ ಹೊಲಿಯುತ್ತಾರೆ. ಒಂದೇ ಪಡೆ ಇರುವ ದೇಶದಲ್ಲಿ ತೋಳಿನ ಮೇಲೆ 'ರಾಷ್ಟ್ರೀಯ' ಬೇಕಾಗಿಯೂ ಇಲ್ಲ. ಅದು ಬೋರ್ಡಿಗಿರಲಿ.
– ಮೀ.

ಅಂತೂ ಗ್ರೀಕ್ ಬುಡದ ಪದಕ್ಕೆ ಕನ್ನಡದ ಬಾಲ. ಅರಿಸಮಾಸದ ಭಯವೂ ಹೋಯಿತೆ?
– ಚೆ.

ಬಿಡಿಸಿ ಬರೆದ ಎರಡು ಪದಕ್ಕೆ ಅರಿಸಮಾಸ ಹಚ್ಚುವುದಾದರೆ ಮೊದಲು 'ಮಳೆಗಾಲ' ನಿಲ್ಲಿಸಿ, ಅಲ್ಲೂ ಮಳೆ ಕನ್ನಡ, ಕಾಲ ಸಂಸ್ಕೃತ. ಆರಕ್ಷಕ ಸಂಸ್ಕೃತದಿಂದ ಬಂದದ್ದು, ಠಾಣೆ 'ಸ್ಥಾನ'ದಿಂದ ಸವೆದು ಬಂದದ್ದು. ನಮ್ಮ 'ಕೋಟ್ಟಪಾಲ' ಪಾರಸಿಗೆ ಹೋಗಿ 'ಕೊತ್ವಾಲ'ನಾಗಿ ಮರಳಿದ. ಸಂಸ್ಕೃತದಿಂದ ತಂದರೆ ಆಸ್ತಿ, ಇಂಗ್ಲಿಷಿನಿಂದ ತಂದರೆ ಸಾಲ, ಇದು ಯಾವ ಲೆಕ್ಕ?
– ವೆಂ.

ಸಂಸ್ಕೃತದ ಪರ ನಾನು ಯಾವಾಗ ವಾದಿಸಿದೆ? ನನಗೆ ಎರಡೂ ಬೇಡ.
– ಚೆ.

ಎಲ್ಲರಿಗೂ ಧನ್ಯವಾದ. ಬ್ಯಾಡ್ಜಿಗೆ 'ಪೊಲೀಸ್ ಪಡೆ', ಬೋರ್ಡಿಗೆ 'ರಾಷ್ಟ್ರೀಯ ಪೊಲೀಸ್ ಪಡೆ' ಎಂದು ಕಳಿಸಿದ್ದೇನೆ. ಕೆಳಗಿನ ಸಾಲಿನಲ್ಲಿ 'ಠಾಣೆ'ಯೋ 'ಠಾಣಾ'ವೋ?
– ಸು.

ಠಾಣೆ. 'ಠಾಣಾ' ಏನಿದ್ದರೂ 'ಠಾಣಾಧಿಕಾರಿ'ಯಂಥ ಸಮಾಸದಲ್ಲಿ.
– ಮೀ.

ಕಾವಲಿನ ಜಾಗಕ್ಕೆ 'ಉಕ್ಕಡ' ಎಂಬ ಮಾತಿತ್ತು. ಇರಲಿ ಬಿಡಿ.
– ಚೆ.