ಎಫ್‌ಇ 410 ಉಕ್ಕು ಕೇಳಿದರೆ ಇ410ಕ್ಕೆ ರೇಟು ಹೇಳ್ತಿದ್ದಾರೆ, ಎರಡೂ ಒಂದೇನಾ?

ಪ್ರಶ್ನೆ:
ದಾವಣಗೆರೆ ಹತ್ತಿರ ಮೆಕ್ಕೆಜೋಳದ ಗೋದಾಮಿಗೆ ಶೆಡ್ ಹಾಕಬೇಕು. ಡ್ರಾಯಿಂಗ್ ಹಳೆಯದು. ಬೀಮ್, ಪ್ಲೇಟಿಗೆ "ಎಫ್‌ಇ 410 ಡಬ್ಲ್ಯೂಎ", ಪರ್ಲಿನ್ (ಛಾವಣಿ ಶೀಟು ಹೊರುವ ಅಡ್ಡಪಟ್ಟಿ) ಟ್ಯೂಬಿಗೆ "ವೈಎಸ್‌ಟಿ 310" ಅಂತ ಬರೆದಿದೆ. ಪಿ.ಬಿ. ರಸ್ತೆಯ ಒಂದು ಅಂಗಡಿಯವರು ಇ410 ತರಿಸಬೇಕು, ರೇಟು ಜಾಸ್ತಿ ಅಂತಾರೆ. ಇನ್ನೊಬ್ಬರು ಇ250 ಬಿಆರ್ ಸಾಕು ಅಂತಾರೆ, ಆದರೆ ಅವರು ತೋರಿಸಿದ 25 ಮಿ.ಮೀ. ಬೇಸ್ ಪ್ಲೇಟಿನ (ಕಂಬದ ಬುಡದ ಪ್ಲೇಟು) ಟೆಸ್ಟ್ ಸರ್ಟಿಫಿಕೇಟಿನಲ್ಲಿ ಯೀಲ್ಡ್ 246 ಇದೆ. 250 ಇಲ್ಲದ ಮಾಲು ತಗೋಬಹುದಾ? ಟ್ಯೂಬ್ ವೈಎಸ್‌ಟಿ 210 ಮಾತ್ರ ಸ್ಟಾಕ್ ಇದೆಯಂತೆ.

ಉತ್ತರ 1:
ಎರಡನೇ ಅಂಗಡಿಯವರು ಹೇಳಿದ್ದೇ ಸರಿ. ಕಟ್ಟಡದ ಉಕ್ಕಿನ ಭಾರತೀಯ ಮಾನಕ ಐಎಸ್ 2062ರ ಹಳೆಯ ಹೆಸರಲ್ಲಿ 410 ಅಂದರೆ ಟೆನ್ಸೈಲ್, ಅಂದರೆ ಉಕ್ಕು ತುಂಡಾಗುವ ಮುಂಚೆ ತಡೆಯುವ ಗರಿಷ್ಠ ಒತ್ತಡ, ಎಂಪಿಎ (ಒತ್ತಡದ ಅಳತೆ) ಲೆಕ್ಕದಲ್ಲಿ. ಡಬ್ಲ್ಯೂ ಅಂದರೆ ವೆಲ್ಡಿಂಗಿಗೆ ಒಗ್ಗುವಂಥದ್ದು. ಹೊಸ ಹೆಸರಲ್ಲಿ ಇ ಮುಂದಿನ ಅಂಕಿ ಯೀಲ್ಡ್, ಅಂದರೆ ಉಕ್ಕು ಮತ್ತೆ ಮೊದಲಿನಂತಾಗದ ಹಾಗೆ ಹಿಗ್ಗಲು ಶುರುವಾಗುವ ಒತ್ತಡ. ಹಾಗಾಗಿ ಎಫ್‌ಇ 410 ಡಬ್ಲ್ಯೂಎಗೆ ಇವತ್ತಿನ ಹೆಸರು ಇ250 ಎ; ಬಿಆರ್ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು, ಅದರ ಜಾಗಕ್ಕೆ ಆಗುತ್ತೆ. ಇ410 ಬೇರೆಯೇ ಉಕ್ಕು, ಅದರ ಟೆನ್ಸೈಲ್ 540. ಅದನ್ನು ತಂದು ಮಾಮೂಲಿ 6013 ವೆಲ್ಡಿಂಗ್ ರಾಡಿನಲ್ಲಿ ಬೆಸೆದರೆ ಪ್ಲೇಟಿಗಿಂತ ಜೋಡಣೆಯೇ ದುರ್ಬಲ ಆಗುತ್ತೆ. ದುಡ್ಡೂ ದಂಡ.

246ರ ವಿಷಯ: ಪ್ಲೇಟ್ ಪಾಸ್. ಇ250ಕ್ಕೆ 250 ಬೇಕಿರೋದು 20 ಮಿ.ಮೀ.ಗಿಂತ ಕಡಿಮೆ ದಪ್ಪಕ್ಕೆ ಮಾತ್ರ. 20ರಿಂದ 40ರವರೆಗೆ 240, ಅದಕ್ಕೂ ಮೇಲೆ 230. ದಪ್ಪ ಪ್ಲೇಟು ರೋಲಿಂಗಿನಲ್ಲಿ ಕಡಿಮೆ ಒತ್ತಿಸಿಕೊಂಡು ನಿಧಾನ ತಣಿಯುತ್ತೆ, ಒಳಗಿನ ಕಣ ದೊಡ್ಡದಾಗಿ ಯೀಲ್ಡ್ ಇಳಿಯುತ್ತೆ. ಅದು ಮೋಸ ಅಲ್ಲ. ಸರ್ಟಿಫಿಕೇಟಿನಲ್ಲಿ ಟೆನ್ಸೈಲ್ 410ಕ್ಕೆ, ಎಲಾಂಗೇಶನ್ (ತುಂಡಾಗುವ ಮುಂಚೆ ಹಿಗ್ಗುವ ಪ್ರಮಾಣ) ಶೇ. 23ಕ್ಕೆ ಕಡಿಮೆ ಇರಬಾರದು. ಬಿಆರ್‌ಗೆ ಕಾರ್ಬನ್ ಈಕ್ವಿವಲೆಂಟ್ (ವೆಲ್ಡಿಂಗಿಗೆ ಎಷ್ಟು ಒಗ್ಗುತ್ತೆ ಅನ್ನೋದರ ಅಳತೆ) 0.41 ಮೀರಬಾರದು. ಅದನ್ನು ನೀವೇ ಅಂದಾಜು ಮಾಡಬಹುದು: ಕಾರ್ಬನ್ 0.19, ಮ್ಯಾಂಗನೀಸ್ 0.90 ಇದ್ದರೆ ಮ್ಯಾಂಗನೀಸನ್ನು 6ರಿಂದ ಭಾಗಿಸಿ ಕೂಡಿಸಿ, 0.34 ಬರುತ್ತೆ. ಕ್ರೋಮಿಯಂ, ನಿಕ್ಕಲ್, ತಾಮ್ರ ಚೂರುಪಾರು ಸೇರಿದರೂ ಮಿತಿಯೊಳಗೇ.

ಹೆಸರಿನ ಕೊನೆಯ ಅಕ್ಷರ ಇಂಪ್ಯಾಕ್ಟ್ ಪರೀಕ್ಷೆಗೆ, ಅಂದರೆ ಹೊಡೆತ ತಡೆಯುತ್ತಾ ಅಂತ ನೋಡೋದಕ್ಕೆ. ಎ ಅಂದರೆ ಪರೀಕ್ಷೆ ಬೇಕಿಲ್ಲ, ಬಿಆರ್ ಅಂದರೆ ಕೇಳಿದರೆ ಕೋಣೆಯ ತಾಪದಲ್ಲಿ, ಬಿ0 ಸೊನ್ನೆ ಡಿಗ್ರಿಯಲ್ಲಿ, ಸಿ ಮೈನಸ್ 20ರಲ್ಲಿ. ದಾವಣಗೆರೆ ಚಳಿಗೆ ಬಿ0 ಯಾಕೆ ಬೇಕು ಹೇಳಿ!

ಉತ್ತರ 2:
ಟ್ಯೂಬ್ ಮಾತ್ರ ಹಾಗೇ ಬದಲಾಯಿಸಬೇಡಿ. ವೈಎಸ್‌ಟಿ ಮುಂದಿನ ಅಂಕಿಯೂ ಯೀಲ್ಡೇ. 310ರ ಜಾಗದಲ್ಲಿ 210 ಹಾಕಿದರೆ ಸೈಜು, ದಪ್ಪ ಅದೇ ಇದ್ದರೂ ಶಕ್ತಿ ಮೂರನೇ ಒಂದು ಪಾಲು ಹೋಯ್ತು. ಒಂದೋ 310 ತರಿಸಿ, ಇಲ್ಲಾ ಎಂಜಿನಿಯರ್ ಹತ್ತಿರ ಟ್ಯೂಬಿನ ದಪ್ಪವನ್ನೋ ಪರ್ಲಿನ್ ಅಂತರವನ್ನೋ ಮತ್ತೆ ಲೆಕ್ಕ ಹಾಕಿಸಿ.

ಎಫ್‌ಇ ಅಂತ ಇದ್ದರೆ ಯಾವಾಗಲೂ ಟೆನ್ಸೈಲ್ ಅಂದುಕೊಳ್ಳಬೇಡಿ. ಕಾಂಕ್ರೀಟಿನ ಕಂಬಿ ಎಫ್‌ಇ 500ಡಿಯಲ್ಲಿ 500 ಅನ್ನೋದು ಯೀಲ್ಡ್. ಅಂಕಿಗೆ ಮೊದಲು ಐಎಸ್ ನಂಬರ್ ನೋಡಿ: ಕಂಬಿಗೆ 1786, ಚೌಕ ಟ್ಯೂಬಿಗೆ 4923.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಸರ್. ಬೀಮಿಗೆ ಇ350 ಹಾಕಿ ಒಂದು ಸೈಜ್ ಚಿಕ್ಕದು ಮಾಡಬಹುದಾ?

ಉತ್ತರ 1:
ಉದ್ದದ ಬೀಮಿಗೆ ಬೇಡ. ಗ್ರೇಡ್ ಏರಿದರೂ ಬಾಗುವಿಕೆ ಕಡಿಮೆ ಆಗಲ್ಲ, ಎಲ್ಲಾ ಉಕ್ಕಿಗೂ ಸ್ಥಿತಿಸ್ಥಾಪಕ ಗುಣಾಂಕ ಸುಮಾರು 2 ಲಕ್ಷ ಎಂಪಿಎ. ಚಿಕ್ಕ ಸೈಜು ಮುರಿಯದಿದ್ದರೂ ಜೋಲುತ್ತೆ. ಜೊತೆಗೆ ಇ350ಕ್ಕೆ ಒಣಗಿಸಿದ 7018 ರಾಡೇ ಬೇಕು.

ಆರ್ಡರಿನಲ್ಲಿ "ಐಎಸ್ 2062, ಇ250 ಬಿಆರ್, 25 ಮಿ.ಮೀ., ಹೀಟ್ ನಂಬರ್ ಸಮೇತ ಸರ್ಟಿಫಿಕೇಟ್" ಅಂತ ಪೂರ್ತಿ ಬರೆಯಿರಿ. ಹೀಟ್ ನಂಬರ್ ಅಂದರೆ ಉಕ್ಕು ಕರಗಿಸಿದ ಬ್ಯಾಚಿನ ನಂಬರ್. ಪ್ಲೇಟ್ ಮೇಲಿನ ನಂಬರ್ ಸರ್ಟಿಫಿಕೇಟಿಗೆ ತಾಳೆ ನೋಡಿ. ಕತ್ತರಿಸುವ ಮುಂಚೆಯೇ ಆ ನಂಬರನ್ನು ಪ್ರತಿ ತುಂಡಿನ ಮೇಲೂ ಪಂಚ್ ಹೊಡೆಸಿ, ಕತ್ತರಿಸಿದ ಮೇಲೆ ಯಾವುದು ಯಾವ ಪ್ಲೇಟಿನದು ಅಂತ ಯಾರಿಗೂ ಗೊತ್ತಾಗಲ್ಲ.