ಕೆರೆ ಏರಿ ಮೇಲೆ ಸಿಕ್ಕ ಚೀಲ: ಬಡಾವಣೆ ಗುಂಪಿನಲ್ಲಿ ಮಾತುಕತೆ

ಮೂರನೇ ಕ್ರಾಸ್, ಮೂಲೆ ಮನೆ:
ಎಲ್ಲರಿಗೂ ನಮಸ್ಕಾರ. ಬೆಳಗ್ಗೆ ವಾಕಿಂಗ್ ಹೋದಾಗ ಹುಣಸಿನಕೆರೆ ಹತ್ತಿರ ಒಂದು ಆಲೂಗಡ್ಡೆ ಚೀಲ ಅಲುಗಾಡುತ್ತಿತ್ತು. ಹುರಿ ಬಿಚ್ಚಿದರೆ ಒಳಗೆ ನಾಲ್ಕು ನಾಯಿಮರಿ. ಕಣ್ಣು ಕೂಡ ಸರಿಯಾಗಿ ಬಿಟ್ಟಿಲ್ಲ. ಸೋನೆ ಮಳೆಗೆ ನೆನೆದು ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದು ಆಗಲೇ ಸತ್ತಿತ್ತು. ಮೂರನ್ನು ಮನೆಗೆ ತಂದು ಬಟ್ಟೆ ಸುತ್ತಿಟ್ಟಿದ್ದೇನೆ. ಈ ವರ್ಷ ಇದು ಮೂರನೇ ಸಲ.

ಎರಡನೇ ಕ್ರಾಸ್, ಮಹಡಿ ಮನೆ:
ಪಾಪ. ಆದರೆ ಸರ್, ಈಗಲೇ ನಮ್ಮ ಬೀದಿಗಳಲ್ಲಿ ನಾಯಿ ಜಾಸ್ತಿಯಾಗಿದೆ. ನೈಟ್ ಡ್ಯೂಟಿ ಮುಗಿಸಿ ಬರುವಾಗ ಬೈಕ್ ಮೇಲೆ ಎರಡೂ ಕಾಲು ಎತ್ತಿಕೊಂಡೇ ಬರಬೇಕು. ಎಲ್ಲರೂ ದುಡ್ಡು ಹಾಕಿ, ಒಂದು ವ್ಯಾನ್ ಮಾಡಿ, ಸಕಲೇಶಪುರದ ಕಡೆ ಬಿಟ್ಟು ಬಂದರೆ ಮುಗಿಯಿತು.

ನಾಲ್ಕನೇ ಕ್ರಾಸ್, ಬಾಡಿಗೆ ರೂಮ್ (ಪಶುವೈದ್ಯಕೀಯ ಓದುತ್ತಿದ್ದೇನೆ):
ಮುಗಿಯಲ್ಲ ಅಣ್ಣ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ, ಬೀದಿನಾಯಿ ಹಿಡಿದರೆ ಆಪರೇಷನ್ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ಬಿಡಬೇಕು. ಬೇರೆ ಊರಿಗೆ ಸಾಗಿಸುವಂತಿಲ್ಲ. ಕಾನೂನು ಹಾಗಿರಲಿ, ಕೋಳಿ ಅಂಗಡಿ ಹಿಂದಿನ ಕಸ ಅಲ್ಲೇ ಇದ್ದರೆ ಇವು ಹೋದ ಜಾಗಕ್ಕೆ ಪಕ್ಕದ ಬಡಾವಣೆಯವು ಬಂದು ಕೂರುತ್ತವೆ. ಅವಕ್ಕೆ ಲಸಿಕೆ ಆಗಿದೆಯೋ ಇಲ್ಲವೋ ಯಾರು ನೋಡಿದ್ದಾರೆ?

ಮೂರನೇ ಕ್ರಾಸ್, ಮೂಲೆ ಮನೆ:
ಒಂದು ಹೇಳೋದು ಮರೆತೆ. ಚೀಲದಲ್ಲಿದ್ದ ನಾಲ್ಕೂ ಹೆಣ್ಣು.

ಎರಡನೇ ಕ್ರಾಸ್, ಹಸಿರು ಗೇಟ್:
ಇನ್ನೇನು ಮತ್ತೆ? ಗಂಡು ಮರಿಯಾದರೆ ತೋಟದವರು ಬಂದು ಎತ್ತಿಕೊಂಡು ಹೋಗುತ್ತಾರೆ. ಹೆಣ್ಣು ಯಾರಿಗೂ ಬೇಡ.

ಮೊದಲನೇ ಕ್ರಾಸ್, ಹಿಟ್ಟಿನ ಗಿರಣಿ ಎದುರು:
ಹೇಳದೆ ಇರೋಕೆ ಆಗ್ತಿಲ್ಲ. ಹೋದ ವರ್ಷ ನಮ್ಮ ರಾಣಿ ಆರು ಮರಿ ಹಾಕಿತು. ಗಂಡು ಮರಿಗಳು ಎರಡೇ ವಾರದಲ್ಲಿ ಮಾತಾಗಿಬಿಟ್ಟವು. ಉಳಿದ ಮೂರು ಹೆಣ್ಣನ್ನು ನಮ್ಮವರು ಮಾರ್ಕೆಟ್ ಹಿಂದೆ ಬಿಟ್ಟು ಬಂದರು. ‘ಅಲ್ಲಿ ತಿನ್ನೋಕೆ ಏನಾದ್ರೂ ಸಿಗುತ್ತೆ ಬಿಡು’ ಅಂದರು. ನಾನೂ ಸುಮ್ಮನಾದೆ. ಈ ಚೀಲ ನಮ್ಮದಲ್ಲ. ಆದರೆ ಇನ್ನೊಬ್ಬರನ್ನು ಬೈಯೋ ಬಾಯಿ ನನಗಿಲ್ಲ.

ನಾಲ್ಕನೇ ಕ್ರಾಸ್, ಬಾಡಿಗೆ ರೂಮ್:
ಹೇಳಿದ್ದು ಒಳ್ಳೆಯದಾಯ್ತು ಅಕ್ಕ. ನೋಡಿ, ಗಂಡು ಮನೆಯೊಳಗೆ, ಹೆಣ್ಣು ಬೀದಿಗೆ. ಹೆಣ್ಣು ನಾಯಿ ಆರು ತಿಂಗಳು ದಾಟಿದರೆ ಬೆದೆಗೆ ಬರಬಹುದು. ಗಬ್ಬ ಸುಮಾರು 63 ದಿನ. ವರ್ಷಕ್ಕೆ ಎರಡು ಸಲ ಮರಿ ಹಾಕುವುದೂ ಉಂಟು. ಹತ್ತು ಗಂಡಿನಲ್ಲಿ ಒಂಬತ್ತಕ್ಕೆ ಆಪರೇಷನ್ ಮಾಡಿಸಿದರೂ ಉಳಿದ ಒಂದು ಸಾಕು. ಅದಕ್ಕೇ ಮೊದಲು ಹೆಣ್ಣುಗಳಿಗೆ ಮಾಡಿಸಬೇಕು. ಬೆಕ್ಕು ಸಾಕಿದವರೂ ಕೇಳಿಸಿಕೊಳ್ಳಿ, ಅವು ನಾಲ್ಕೈದು ತಿಂಗಳಿಗೇ ಗಬ್ಬವಾಗಬಲ್ಲವು.

ಎರಡನೇ ಕ್ರಾಸ್, ನಿವೃತ್ತ ಮೇಷ್ಟ್ರು:
ಒಂದು ಸಲವಾದರೂ ತಾಯಿಯಾಗಲಿ, ಆಮೇಲೆ ಮಾಡಿಸೋಣ ಅಂತ ನಮ್ಮ ಮನೆಯವಳ ಹಟ.

ನಾಲ್ಕನೇ ಕ್ರಾಸ್, ಬಾಡಿಗೆ ರೂಮ್:
ಅದರಿಂದ ನಾಯಿಗೆ ಏನೂ ಲಾಭ ಇಲ್ಲ ಮೇಷ್ಟ್ರೇ. ಬೇಗ ಮಾಡಿಸಿದರೆ ಮುಂದೆ ಮೊಲೆಗೆ ಗೆಡ್ಡೆ ಬರುವ ಭಯ ಕಡಿಮೆ. ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯೂ ತಪ್ಪುತ್ತದೆ. ಅಮ್ಮನಿಗೆ ನಾನೇ ಬಂದು ಹೇಳುತ್ತೇನೆ, ಕಾಫಿ ಕೊಟ್ಟರೆ.

ಮೂರನೇ ಕ್ರಾಸ್, ಮೂಲೆ ಮನೆ:
ಸರಿ, ಕೆಲಸಕ್ಕೆ ಬರೋಣ. ಮನೆ ನಾಯಿ, ಬೆಕ್ಕಿನ ಆಪರೇಷನ್ ಅವರವರ ಖರ್ಚು. ಕಷ್ಟ ಇರುವವರು ನನಗೆ ಬೇರೆಯಾಗಿ ತಿಳಿಸಿ, ಗಣಪತಿ ಚಂದಾದಲ್ಲಿ ಉಳಿದ ಹಣ ಇದೆ. ಬೀದಿನಾಯಿಗಳದ್ದು ಪಾಲಿಕೆ ಕೆಲಸ, ಅರ್ಜಿ ಕೊಡೋಣ. ‘ನಾಯಿ ಕಾಟ’ ಅಂತ ಎರಡು ಸಾಲು ಬರೆದರೆ ಫೈಲಿನಲ್ಲೇ ಉಳಿಯುತ್ತದೆ. ನಿನ್ನೆ ಸಂಜೆ ನಾನು, ನನ್ನ ಮಗಳು ಎಣಿಸಿದೆವು. ನಾಲ್ಕು ಕ್ರಾಸ್ ಸೇರಿ ಹದಿನೇಳು. ಹೆಣ್ಣು ಒಂಬತ್ತು. ಕಿವಿ ತುದಿ ಕತ್ತರಿಸಿದ ಗುರುತು, ಅಂದರೆ ಆಪರೇಷನ್ ಆಗಿರೋದು, ಮೂರಕ್ಕೆ ಮಾತ್ರ. ಯಾವುದು ಎಲ್ಲಿ ಮಲಗುತ್ತದೆ ಅಂತ ಫೋಟೋ ಸಮೇತ ಕೊಡೋಣ.

ಎರಡನೇ ಕ್ರಾಸ್, ಮಹಡಿ ಮನೆ:
ಅರ್ಜಿಗೆ ನನ್ನ ಸಹಿಯೂ ಇರಲಿ. ಕೋಳಿ ಅಂಗಡಿಯವರ ಹತ್ತಿರ ನಾನು ಮಾತಾಡುತ್ತೇನೆ, ಪರಿಚಯ ಇದೆ.

ಬೇವಿನಮರದ ಮನೆ ಅಜ್ಜಿ (ಮೊಮ್ಮಗ ಟೈಪ್ ಮಾಡ್ತಿರೋದು):
ನಮ್ಮ ಮರದ ಕೆಳಗೆ ಮಲಗುವ ಕಂದು ನಾಯಿಯನ್ನು ಬೀದಿ ಲೆಕ್ಕಕ್ಕೆ ಬರೆದಿದ್ದೀರಂತೆ. ಅದು ನಮ್ಮದು. ಮೂರು ವರ್ಷದಿಂದ ಅನ್ನ ಹಾಕಿದ್ದೇನೆ. ಆಪರೇಷನ್ ನಾನೇ ಮಾಡಿಸುತ್ತೇನೆ.

ನಾಲ್ಕನೇ ಕ್ರಾಸ್, ಬಾಡಿಗೆ ರೂಮ್:
ಅಜ್ಜಿ, ನಮ್ಮ ಕಾಲೇಜಿನ ಆಸ್ಪತ್ರೆಯಲ್ಲಿ ಕೇಳಿದೆ, ನಾಳೆ ಬೆಳಗ್ಗೆ ಕರೆದುಕೊಂಡು ಬನ್ನಿ ಅಂದಿದ್ದಾರೆ. ಮೊಮ್ಮಗ ಬರಲಿ, ನಾನೂ ಜೊತೆಗಿರುತ್ತೇನೆ. ಅರಿವಳಿಕೆ ಕೊಡುತ್ತಾರೆ, ಅದಕ್ಕೆ ಇವತ್ತು ರಾತ್ರಿ ಊಟ ಹಾಕಬೇಡಿ. ಉಳಿದವರೂ ಅದಕ್ಕೆ ಬಿಸ್ಕತ್ತು ಹಾಕಬೇಡಿ.

ಬೇವಿನಮರದ ಮನೆ ಅಜ್ಜಿ:
ಆಗಲಿ ಮಗಾ.

ಬೇವಿನಮರದ ಮನೆ ಅಜ್ಜಿ:
ನಾನು ಮೊಮ್ಮಗ. ಬೆಳಗ್ಗೆ ಐದಕ್ಕೆ ಎದ್ದು ಮೊಸರನ್ನ ಹಾಕಿಬಿಟ್ಟಿದ್ದಾರೆ. ರಾತ್ರಿ ಮಾತ್ರ ಬೇಡ ಅಂದಿದ್ರಲ್ಲಾ ಅಂತಾರೆ. ಬುಧವಾರ ಆಗುತ್ತಾ?